ಬಸ್ಸು ಮೋಸ ಮಾಡುವುದಿಲ್ಲ

ತಿರುಮಲೇಶನಿಗೆ ರಾಯಭಾರಿ ಕೆಲಸ ಸಿಕ್ಕಿದ ಸುದ್ದಿ ಮದರಾಸಿನ ವೆಸ್ಟ್ ಮಾಂಬಲದ ಮನೆಗೆ ಬಂದ ದಿನವೂ ಅನಸೂಯ ಎರಡು ಸಲ ಅನ್ನಕ್ಕಿಟ್ಟಳು. ಸಂಭ್ರಮಕ್ಕಲ್ಲ. ಆ ಮನೆಯಲ್ಲಿ ಮೂರು ವರ್ಷದಿಂದ ನಡೆದುಕೊಂಡು ಬಂದದ್ದೇ ಹಾಗೆ. ಮೊದಲ ಅನ್ನ ಗಂಡನಿಗೆ, ಮಗಳಿಗೆ, ಅತ್ತೆಗೆ. ಎರಡನೆಯದು ಮೈದುನ ರಾಮದಾಸನಿಗೆ. ಅಣ್ಣ ಉಂಡು, ಕೈತೊಳೆದು, ಪೇಪರು ಹಿಡಿದು ಮುಂದಿನ ಕೋಣೆಗೆ ಹೋದ ಮೇಲೆಯೇ ತಮ್ಮ ಬಂದು ಅಡುಗೆಮನೆಯ ಗೋಡೆಗೊರಗಿ ಕೂರುತ್ತಿದ್ದ. ಅವನಿಗೆ ಆರಿದ ಅನ್ನ ಬಡಿಸಲು ಅನಸೂಯಳ ಕೈ ಬರುತ್ತಿರಲಿಲ್ಲ. ಅವಳು ಮದುವೆಯಾಗಿ ಈ ಮನೆಗೆ ಬಂದಾಗ ಚಡ್ಡಿ ಹಾಕಿಕೊಂಡು ಅವಳ ಟ್ರಂಕನ್ನು ಎಳೆದುಕೊಂಡು ಒಳಗೆ ಬಂದವನು ಅವನೇ.

ರಾಯಭಾರಿ ಅಂದರೆ ಏನು ಮಾಡುವವನು ಎಂದು ಅತ್ತೆ ಶಾರದಮ್ಮ ಕೇಳಿದರು. ಕಾಲೇಜಿಗೆ ಹೋಗುವ ಮೊಮ್ಮಗಳು ವಾಸಂತಿ, ನಮ್ಮ ದೇಶದ ಪರವಾಗಿ ಇನ್ನೊಂದು ದೇಶಕ್ಕೆ ಹೋಗಿ ಮಾತಾಡುವವನು ಎಂದು ವಿವರಿಸಿದಳು.

"ಇವನಾ? ಮಾತಾಡಕ್ಕಾ?" ಎಂದು ಮುದುಕಿ ಕೇಳಿ, ಹೂಬತ್ತಿ ಹೊಸೆಯುವುದನ್ನು ಮುಂದುವರಿಸಿದರು.

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮುಳಬಾಗಿಲ ಕಡೆಯಿಂದ ಮದರಾಸಿಗೆ ಬಂದು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿದ್ದವರ ಹಿರಿಯ ಮಗ ತಿರುಮಲೇಶ. ಐ.ಎ.ಎಸ್. ಪಾಸಾಗಿ ಸಬ್‌ಕಲೆಕ್ಟರ್ ಆದಾಗಿನಿಂದ ಅವನು ಹತ್ತಿದ ಮೆಟ್ಟಿಲನ್ನೆಲ್ಲ ಬಾಯಿ ಮುಚ್ಚಿಕೊಂಡೇ ಹತ್ತಿದ್ದ. ಎರಡು ಜಿಲ್ಲೆಗೆ ಕಲೆಕ್ಟರಾದ, ಮದರಾಸು ಕೋಟೆಯೊಳಗಿನ ಸೆಕ್ರೆಟೇರಿಯಟ್ಟಿಗೆ ಬಂದ, ಕೈಗಾರಿಕಾ ಇಲಾಖೆಗೆ ಕಾರ್ಯದರ್ಶಿಯಾದ. ಸರ್ಕಾರಗಳು ಬಂದುಹೋದವು, ಯಾವ ಮಂತ್ರಿಗೂ ಅವನ ಬಾಯಿಂದ ಒಂದು ಅಭಿಪ್ರಾಯ ಹೊರಡಿಸಲಾಗಲಿಲ್ಲ. ವ್ಯಾಪಾರದ ಮಾತುಕತೆಗೆಂದು ಆಫ್ರಿಕದ ಒಂದು ದೇಶಕ್ಕೆ ಎರಡು ಸಲ ಹೋಗಿ, ಏನೂ ಒಪ್ಪಿಕೊಳ್ಳದೆ, ಯಾರನ್ನೂ ನೋಯಿಸದೆ ಹಿಂತಿರುಗಿದ್ದ. ದೆಹಲಿಯವರಿಗೆ ಇಂಥವನೇ ಬೇಕಿತ್ತು. ಅದೇ ದೇಶಕ್ಕೆ ರಾಯಭಾರಿಯಾಗಿ ಕಳಿಸಿದರು.

ಹೊರಗೆ ಇಷ್ಟು ಹಿಡಿದು ಮಾತಾಡುವವನು ಮನೆಯೊಳಗೆ ಒಂದು ವಿಷಯಕ್ಕೆ ಮಾತ್ರ ತಾನಾಗಿ ಬಾಯಿ ತೆರೆಯುತ್ತಿದ್ದ. ಮನೆಯಲ್ಲಿ ಕನ್ನಡವೇ ಆಡಬೇಕು, ಅದೂ ಸರಿಯಾದ ಕನ್ನಡ. ವಾಸಂತಿ ಹುಟ್ಟಿದ್ದು, ಓದಿದ್ದು, ಜಗಳವಾಡಿದ್ದು ಎಲ್ಲ ತಮಿಳಿನಲ್ಲಿ. ಅಜ್ಜಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ಅಪ್ಪನ ಎದುರಿಗೆ ಮಾತ್ರ ಆ ಆಟ ನಡೆಯುತ್ತಿರಲಿಲ್ಲ. ತಮಿಳಿನಲ್ಲಿ ಕೇಳಿದರೆ ಅವನಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ.

"ಇವತ್ತು ಬಸ್ಸು ತುಂಬಾ ಮೋಸ ಅಪ್ಪ, ಅದಕ್ಕೇ ಲೇಟು," ಎಂದು ಅವಳು ಒಂದು ಸಂಜೆ ಹೇಳಿದಳು. ತಮಿಳಿನಲ್ಲಿ ಕೆಟ್ಟದ್ದಕ್ಕೆಲ್ಲ ಮೋಸವೇ. ಬಸ್ಸು ಮೋಸ, ಹಾಲು ಮೋಸ, ಜ್ವರ ಬಂದವನ ಮೈಯೂ ಮೋಸ.

"ಬಸ್ಸು ಮೋಸ ಮಾಡಲ್ಲ ವಾಸಂತಿ. ಜನ ಮಾಡ್ತಾರೆ," ಎಂದ ತಿರುಮಲೇಶ.

ಅಡುಗೆಮನೆಯಲ್ಲಿ ಕಾಯುತ್ತ ಕೂತಿದ್ದ ರಾಮದಾಸ ಅದನ್ನು ಕೇಳಿ ನಕ್ಕ. ಸಣ್ಣ ನಗು, ಮೂಗಿನಲ್ಲೇ ಬಂದದ್ದು. ಅನಸೂಯ ಕೇಳಿಸದವಳ ಹಾಗೆ ಒಗ್ಗರಣೆಗೆ ಸಾಸಿವೆ ಹಾಕಿದಳು.

ನಗುವುದಕ್ಕೆ ಅವನಿಗೆ ಕಾರಣವಿತ್ತು. ರಾಮದಾಸ ಊರಾಚೆ ಗಿಂಡಿ ಎಂಬಲ್ಲಿದ್ದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ, ಯೂನಿಯನ್ ಕೆಲಸವನ್ನೂ ನೋಡುತ್ತಿದ್ದ. ತುರ್ತು ಪರಿಸ್ಥಿತಿಯ ವರ್ಷ ಅಲ್ಲಿ ಮುಷ್ಕರವಾಯಿತು. ಮುಂದೆ ನಿಂತವರನ್ನೆಲ್ಲ ಕೆಲಸದಿಂದ ತೆಗೆಯುವ ಆರ್ಡರು ಕೈಗಾರಿಕಾ ಕಾರ್ಯದರ್ಶಿಯ ಮೇಜಿಗೆ ಬಂತು. ಕಾರ್ಯದರ್ಶಿ ಸಹಿ ಹಾಕಿದ, ಕಾರು ಹತ್ತಿ ಮನೆಗೆ ಬಂದ, ಕಾಲು ತೊಳೆದು ತಮ್ಮನ ಪಕ್ಕದ ಮಣೆಯ ಮೇಲೆ ಕೂತ. ಅವತ್ತು ಬದನೆಕಾಯಿ ಹುಳಿ. ಅನಸೂಯ ಹಪ್ಪಳ ಕರಿಯಲು ಒಳಗೆ ಹೋಗಿದ್ದಾಗ ತಿರುಮಲೇಶನೇ ಸೌಟು ತೆಗೆದುಕೊಂಡು ತಮ್ಮನಿಗೆ ಎರಡನೇ ಸಲ ಹುಳಿ ಬಡಿಸಿದ. ಅಣ್ಣ ಎಂದೂ ಬಡಿಸಿದವನಲ್ಲ. ರಾಮದಾಸ ಖುಷಿಯಾಗಿ ಉಂಡ. ಮಾರನೆಯ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಅವನನ್ನು ತಡೆದು ನಿಲ್ಲಿಸಿದ.

ಅವನಿಗೆ ಗೊತ್ತುಮಾಡಿದ್ದ ಹೆಣ್ಣಿನ ಕಡೆಯವರು ಒಂದು ತಿಂಗಳೊಳಗೆ ಹಿಂದೆ ಸರಿದರು. ಆಮೇಲೆ ಮದುವೆಯ ಮಾತು ಎತ್ತಲು ಅವನು ಯಾರಿಗೂ ಬಿಡಲಿಲ್ಲ. ಉಡುಪಿ ಕಡೆಯ ಮಧ್ವರಾಜರು ಮಾಂಬಲದಲ್ಲಿ ಹೋಟೆಲು ಇಟ್ಟಿದ್ದರು. ಅವರು ಕರೆದು ಗಲ್ಲಾದ ಮೇಲೆ ಕೂರಿಸಿದರು. ಸರ್ಕಾರ ಬದಲಾದಾಗ ಕೆಲಸ ಕಳೆದುಕೊಂಡವರು ಕೆಲವರು ಅರ್ಜಿ ಹಾಕಿ ಕಾರ್ಖಾನೆಗೆ ಮರಳಿದರು. ರಾಮದಾಸ ಹಾಕಲಿಲ್ಲ. ಅಣ್ಣನ ಇಲಾಖೆಗೆ ಅರ್ಜಿ ಬರೆಯುವ ಕೈ ತನಗಿಲ್ಲ ಎಂದು ತಾಯಿಗೆ ಹೇಳಿದನಂತೆ. ಅಣ್ಣನ ಜೊತೆ ಜಗಳವನ್ನೂ ಆಡಲಿಲ್ಲ. ಅವನ ಪಕ್ಕದಲ್ಲಿ ಕೂತು ಉಣ್ಣುವುದನ್ನು ಬಿಟ್ಟ, ಅಷ್ಟೇ. ಜಗಳವಾದರೂ ಆಡಿದ್ದರೆ ಚೆನ್ನಾಗಿತ್ತು ಎಂದು ಅನಸೂಯಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಹೊರಡುವ ವಾರ ಗಂಡನ ಅಂಗಿಗಳನ್ನು ಮಡಿಸುತ್ತ ಅವಳು ವಿಷಯ ತೆಗೆದಳು.

"ಹೋಗೋಕ್ಮುಂಚೆ ರಾಮೂ ಹತ್ರ ಒಂದು ಮಾತಾಡಿ."

"ಏನಂತ ಆಡ್ಲಿ? ಆ ಆರ್ಡರಿಗೆ ನಾನು ಸಹಿ ಹಾಕ್ದಿದ್ರೆ ಇನ್ನೊಬ್ಬ ಹಾಕ್ತಿದ್ದ."

"ಸಹಿ ಯಾಕೆ ಹಾಕ್ದೆ ಅಂತ ಅವನು ಯಾವತ್ತಾದ್ರೂ ಕೇಳಿದಾನಾ? ಸಹಿ ಹಾಕಿ ಬಂದು ಅವನ ಪಕ್ಕ ಕೂತು ಉಂಡ್ರಲ್ಲ. ಅದನ್ನ ಆಡಿ."

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನೀನು ಸುಮ್ನಿರು."

"ಆಡ್ದೇ ಇದ್ರೂ ಹೋಗತ್ತೆ," ಎಂದಳು ಅನಸೂಯ.

ತಿರುಮಲೇಶ ಟೈಗಳನ್ನು ಸುತ್ತಿ ಸುತ್ತಿ ಸೂಟ್‌ಕೇಸಿನ ಮೂಲೆಗೆ ಸೇರಿಸಿದ. ಅವಳು ಯಾವಾಗ ಬರುವುದು ಎಂದು ಕೇಳಿದ. ವಾಸಂತಿಯ ಬಿ.ಎ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದಳು. ಪರೀಕ್ಷೆಯೊಂದೇ ಕಾರಣವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನು ತಮ್ಮನಿಗೆ ಆ ಒಂದು ಮಾತು ಹೇಳಿದ್ದರೆ ಅವಳು ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಅದೇ ವಿಮಾನ ಹತ್ತುತ್ತಿದ್ದಳು. ಅವನು ಹೇಳಲಿಲ್ಲ. ಮೀನಂಬಾಕ್ಕಂ ಏರ್‌ಪೋರ್ಟಿಗೆ ಮಧ್ವರಾಜರು ಬಂದಿದ್ದರು, ನೆರೆಯವರು ಬಂದಿದ್ದರು. ರಾಮದಾಸ ಗಲ್ಲಾ ಬಿಟ್ಟು ಏಳಲಿಲ್ಲ.

ಅಣ್ಣ ಹೋದ ಮೇಲಾದರೂ ರಾಮದಾಸ ಎಲ್ಲರ ಜೊತೆ ಊಟಕ್ಕೆ ಕೂರುತ್ತಾನೆಂದು ಶಾರದಮ್ಮ ಕಾದರು. ಮೂರು ವರ್ಷದ ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ. ಅವನು ಬರುತ್ತಿದ್ದದ್ದು ಮೂರು ಗಂಟೆಗೆ, ನಾಲ್ಕಕ್ಕೆ. ಕೆಲವು ದಿನ ಹೋಟೆಲಿನ ಕಾಫಿಯಲ್ಲೇ ಹೊತ್ತು ಕಳೆಯುತ್ತಿದ್ದ. ಎದೆಯ ಕೆಳಗೆ ಉರಿ ಎನ್ನುತ್ತಿದ್ದ. ಅನಸೂಯ ಮಜ್ಜಿಗೆ ಕಳಿಸಿದರೆ ಹೋಟೆಲಿನ ಹುಡುಗರಿಗೆ ಹಂಚಿಬಿಡುತ್ತಿದ್ದ. ನಿನ್ನ ಹೊಟ್ಟೆಯ ಮೇಲೆ ನಿನಗೇನು ಸಿಟ್ಟು ಎಂದು ಅವಳು ಒಮ್ಮೆ ಗದರಿದಳು. ಸಿಟ್ಟೇನಿಲ್ಲ ಅತ್ತಿಗೆ, ಹಸಿವಾಗಲ್ಲ ಅಷ್ಟೇ ಎಂದ.

ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ, ಶಾರದಮ್ಮ ಹುಗ್ಗಿಯನ್ನು ದೇವರ ಮುಂದಿಟ್ಟು ಮಂಗಳಾರತಿ ಎತ್ತುತ್ತಿದ್ದ ಹೊತ್ತಿಗೆ, ಮಧ್ವರಾಜರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು. ರಾಮದಾಸ ಗಲ್ಲಾದ ಮೇಲೆಯೇ ರಕ್ತ ಕಾರಿಕೊಂಡು ಬಿದ್ದಿದ್ದ. ಟ್ಯಾಕ್ಸಿಯಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿ ಬಂದಿದ್ದರು. ಹೊಟ್ಟೆಯ ಹುಣ್ಣು ಒಡೆದಿದೆ ಎಂದು ಡಾಕ್ಟರು ಆಪರೇಷನ್ ಮಾಡಿದರು. ಆಪರೇಷನ್ನೇನೋ ಸರಿಹೋಯಿತು, ಮೂರನೆಯ ದಿನ ಜ್ವರ ಏರಿತು. ಕೀವು ಆಗಿದೆ, ಹೇಳಬೇಕಾದವರು ಯಾರಾದರೂ ಇದ್ದರೆ ಹೇಳಿಕಳಿಸಿ ಎಂದರು.

ಜ್ವರದಲ್ಲಿ ರಾಮದಾಸ ಒಂದೇ ಮಾತನ್ನು ಬಡಬಡಿಸುತ್ತಿದ್ದ. "ಅಣ್ಣಂದು ಊಟ ಆಯ್ತಾ ಅತ್ತಿಗೆ?"

ಆಯ್ತು ಎಂದರೆ ತನ್ನ ತಟ್ಟೆ ಕೇಳಿ ಏಳಲು ನೋಡುತ್ತಿದ್ದ, ಹೊಲಿಗೆ ಎಳೆದು ನರಳುತ್ತಿದ್ದ. ಇಲ್ಲ ಎಂದರೆ ಸುಮ್ಮನಾಗುತ್ತಿದ್ದ. ಹಾಗಾಗಿ ಅನಸೂಯ ದಿನವೆಲ್ಲ, ಇನ್ನೂ ಇಲ್ಲ ರಾಮು, ಇನ್ನೂ ಇಲ್ಲ ಎಂದು ಹೇಳುತ್ತ ಕೂತಳು. ಹೇಳಿ ಹೇಳಿ ಕೊನೆಗೆ ವರಾಂಡಕ್ಕೆ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಮರುದಿನ ಬೆಳಿಗ್ಗೆ ಮನೆಯಿಂದ ಗಂಡನಿಗೆ ಟ್ರಂಕ್ ಕಾಲ್ ಬುಕ್ ಮಾಡಿದಳು. ಯಾವಾಗ ಸಿಗುತ್ತದೋ ಹೇಳುವಂತಿರಲಿಲ್ಲ. ಫೋನಿನ ಹತ್ತಿರ ಮಗಳನ್ನು ಕೂರಿಸಿ, ಸಿಕ್ಕಿದರೆ ವಿಷಯ ಹೇಳು, ಕೂಡಲೇ ಬರಬೇಕು ಅನ್ನು ಎಂದು ಹೇಳಿ, ಗಂಜಿಯ ಫ್ಲಾಸ್ಕು ಹಿಡಿದು ಆಸ್ಪತ್ರೆಗೆ ಹೋದಳು.

ಮಧ್ಯಾಹ್ನ ಅಜ್ಜಿ ನೆರೆಮನೆಗೆ ಹೋಗಿದ್ದಾಗ ಕಾಲ್ ಬಂತು. ಗಾಳಿಯಲ್ಲಿ ಬಟ್ಟೆ ಬಡಿಯುವ ಹಾಗೆ ಸದ್ದು, ಅದರ ಹಿಂದೆ ಅಪ್ಪನ ದನಿ. ವಾಸಂತಿ ಹೇಳಬೇಕಾದದ್ದನ್ನು ಬೆಳಗಿನಿಂದ ಮನಸ್ಸಿನಲ್ಲಿ ಕನ್ನಡದಲ್ಲೇ ಜೋಡಿಸಿಟ್ಟುಕೊಂಡಿದ್ದಳು. ಈ ಹೊತ್ತಿನಲ್ಲಿ ಅಪ್ಪನಿಗೆ ಸಿಟ್ಟು ಬರಿಸಬಾರದು ಎಂದು.

"ಅಪ್ಪ, ಚಿಕ್ಕಪ್ಪಂಗೆ ತುಂಬಾ ಮೋಸ ಆಗಿದೆ."

"ಯಾರು ಹೇಳಿದ್ರು?"

"ಎಲ್ರೂ ಹೇಳ್ತಿದಾರೆ. ಅವರು ನಿಮ್ಮನ್ನೇ ಕೇಳ್ತಿದಾರೆ ಅಪ್ಪ."

"ನನ್ನನ್ನ ಕೇಳೋದೇನಿದೆ? ಇದನ್ನ ನಿಮ್ಮಮ್ಮ ಹೇಳ್ಕೊಟ್ಟಳಾ?"

"ಹೂಂ. ಅಮ್ಮಾನೇ ಹೇಳು ಅಂದಳು."

ಫೋನು ಕಟ್ಟಾಯಿತು.

ಸಂಜೆ ಅನಸೂಯ ಬಾಗಿಲಿಗೆ ಬರುವಷ್ಟರಲ್ಲಿ ವಾಸಂತಿ ಕನ್ನಡವನ್ನೆಲ್ಲ ಮರೆತು, "ಅಪ್ಪಾ ಫೋನೈ ವೆಚ್ಚುಟ್ಟಾರು ಅಮ್ಮಾ," ಎಂದು ಅತ್ತಳು. ವಿಷಯ ಹೇಳಿದೆ, ನಿಮ್ಮಮ್ಮ ಹೇಳಿಕೊಟ್ಟಳಾ ಎಂದು ಕೇಳಿದರು, ಫೋನ್ ಇಟ್ಟುಬಿಟ್ಟರು ಎಂದಳು. ಅನಸೂಯ ಫ್ಲಾಸ್ಕನ್ನು ನೆಲದ ಮೇಲಿಟ್ಟು ಅಲ್ಲೇ ಕೂತಳು. ಮಗಳು ಏನು ಹೇಳಿದಳು, ಯಾವ ಮಾತಿನಲ್ಲಿ ಹೇಳಿದಳು ಎಂದು ಕೇಳಬೇಕೆಂದು ಅವಳಿಗೆ ತೋಚಲಿಲ್ಲ. ಸಿಟ್ಟು ಬಂದವರಿಗೆ ಕಿವಿ ಎಲ್ಲಿರುತ್ತದೆ? ತಮ್ಮ ಸಾಯುತ್ತಿದ್ದಾನೆ ಎಂದರೆ ಫೋನು ಇಟ್ಟ ಮನುಷ್ಯ, ಇವನಿಗೆ ಇಷ್ಟು ವರ್ಷ ಅನ್ನ ಬೇಯಿಸಿ ಹಾಕಿದೆನಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

ಅತ್ತೆಗೆ ಲೈನು ಸಿಗಲಿಲ್ಲ ಎಂದಳು. ಇನ್ನೊಂದು ಕಾಲ್ ಬುಕ್ ಮಾಡಲಿಲ್ಲ. ಹಗಲೆಲ್ಲ ಆಸ್ಪತ್ರೆ, ಬೆಳಗಿನ ಜಾವ ಬೀದಿಯ ಪಂಪಿನ ಮುಂದೆ ಕೊಡದ ಸಾಲು, ಬಂದು ಅಡುಗೆ. ಶಾರದಮ್ಮ ಎರಡು ದಿನ ಸುಮ್ಮನಿದ್ದರು.

"ಲೈನು ಇನ್ನೂ ಸಿಗಲಿಲ್ಲವೇನೆ ಅನಸೂಯ?"

"ಇಲ್ಲ."

"ನಿಂಗೆ ಬೇಡವಾಗಿದ್ರೆ ಬೇಡ. ನನಗೆ ಇಬ್ಬರು ಮಕ್ಕಳು. ಒಬ್ಬ ಹೋಗೋ ಹೊತ್ತಿಗೆ ಇನ್ನೊಬ್ಬ ಬರಲಿಲ್ಲ ಅಂತಾಗಬಾರದು."

"ಬರಲ್ಲ ಅಂದ್ರು ಅಮ್ಮ. ಫೋನು ಇಟ್ಟುಬಿಟ್ರು," ಎಂದು ಅನಸೂಯ ಹೇಳಿಯೇಬಿಟ್ಟಳು.

ಶಾರದಮ್ಮ ಹೆಚ್ಚುತ್ತಿದ್ದ ಕುಂಬಳಕಾಯಿಯನ್ನು ಪಕ್ಕಕ್ಕಿಟ್ಟರು. ನಾನು ಹೆತ್ತ ಮಗ ಮಾತು ನುಂಗುತ್ತಾನೆ, ನಿಜ, ಆದರೆ ತಮ್ಮ ಸಾಯುತ್ತಾನೆ ಎಂದರೆ ಬರಲ್ಲ ಅನ್ನುವವನಲ್ಲ, ನೀನು ತಂತಿ ಕೊಡದಿದ್ದರೆ ನಾನೇ ಮಧ್ವರಾಜರ ಹೋಟೆಲಿಗೆ ಹೋಗಿ ಕೊಡಿಸುತ್ತೇನೆ ಎಂದರು. ಎಪ್ಪತ್ತು ದಾಟಿದವರು ಸೆರಗು ಹೊದ್ದು ಎದ್ದೇಬಿಟ್ಟಾಗ ಅನಸೂಯಳಿಗೆ ನಾಚಿಕೆಯಾಯಿತು. ಅವಳೇ ಹೋಗಿ ತಂತಿ ಕೊಟ್ಟಳು. ರಾಮದಾಸ ಸೀರಿಯಸ್, ಹೊರಡಿ. ಹೆಸರಿನ ಜಾಗದಲ್ಲಿ ಅತ್ತೆಯ ಹೆಸರು ಹಾಕಿದಳು.

ತಿರುಮಲೇಶ ಸಿಕ್ಕಿದ ವಿಮಾನ ಹತ್ತಿ ಬಂದ. ಏರ್‌ಪೋರ್ಟಿನಿಂದ ನೇರವಾಗಿ ಆಸ್ಪತ್ರೆಗೆ. ಅಷ್ಟರಲ್ಲಿ ಜ್ವರ ಇಳಿಮುಖವಾಗಿತ್ತು, ರಾಮದಾಸನಿಗೆ ಜ್ಞಾನ ಬಂದಿತ್ತು. ಮೂಗಿನ ಕೊಳವೆಯ ಮೇಲಿಂದ ಅಣ್ಣನನ್ನು ನೋಡಿ ಕಣ್ಣು ಮುಚ್ಚಿಕೊಂಡ. ತಿರುಮಲೇಶ ಕೋಟು ಹಾಕಿಕೊಂಡೇ ಮಂಚದ ಪಕ್ಕ ನಿಂತಿದ್ದ. ನರ್ಸು ಬಂದು ಸ್ಟೂಲು ತೋರಿಸುವವರೆಗೂ ಕೂರಬಹುದೆಂದು ಅವನಿಗೆ ಹೊಳೆಯಲಿಲ್ಲ. ದಿನಾ ಹೋದ, ದಿನಾ ಹಾಗೆಯೇ ಕೂತ. ಅಣ್ಣ ತಮ್ಮಂದಿರ ನಡುವೆ ಔಷಧಿ, ಫ್ಯಾನು, ಡಾಕ್ಟರು ಯಾವಾಗ ಬರುತ್ತಾರೆ ಎಂಬುದರ ಆಚೆಗೆ ಮಾತಿರಲಿಲ್ಲ. ಮನೆಯಲ್ಲಿ ಅನಸೂಯ ಗಂಡನಿಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

"ಫೋನು ಯಾಕಿಟ್ರಿ?" ಎಂದು ಮಾತ್ರ ಒಂದು ಸಲ ಕೇಳಿದಳು.

"ಮಗಳ ಕೈಲಿ ನನಗೆ ಬೈಸ್ತೀಯಾ? ಕಾಯಿಲೆ ಅಂತ ಒಂದು ಮಾತು ಹೇಳ್ಸಿದ್ರೆ ಸಾಕಾಗಿತ್ತು," ಎಂದ ತಿರುಮಲೇಶ.

ಅವನ ಮಾತಿನ ತಲೆಬುಡ ಅವಳಿಗೆ ತಿಳಿಯಲಿಲ್ಲ. ಸುಳ್ಳು ಹೇಳಿ ಜಾರಿಕೊಳ್ಳುತ್ತಿದ್ದಾನೆಂದು ಇನ್ನಷ್ಟು ಬಿಗಿದುಕೊಂಡಳು.

ಸಂಕ್ರಾಂತಿಯ ಹಿಂದಿನ ದಿನ ರಾಮದಾಸನನ್ನು ಮನೆಗೆ ಕರೆತಂದರು. ಮನೆಯಲ್ಲಿ ಫ್ಯಾನಿದ್ದದ್ದು ನಡುಮನೆಯಲ್ಲೊಂದೇ, ಮಂಚವನ್ನು ಅಲ್ಲೇ ಹಾಕಬೇಕಾಯಿತು. ಊಟಕ್ಕೆ ಮಣೆ ಹಾಕುವುದೂ ಅಲ್ಲೇ. ಅವನು ಎದ್ದು ಅಡುಗೆಮನೆಗೆ ಹೋಗುವಂತಿರಲಿಲ್ಲ.

ಹಬ್ಬದ ದಿನ ಶಾರದಮ್ಮ ಹಿರಿಯ ಮಗನ ಕೈಗೆ ಎಳ್ಳುಬೆಲ್ಲ ಹಾಕಿದರು. "ಎಳ್ಳು ತಿಂದು ಒಳ್ಳೆ ಮಾತಾಡು," ಎಂದು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು, ಆದರೆ ಹೇಳಿ ಮುಂದೆ ಹೋಗದೆ ಅವನ ಮುಖವನ್ನೇ ನೋಡುತ್ತ ನಿಂತರು. ಅವನು ಎಳ್ಳನ್ನು ಬಾಯಿಗೆ ಹಾಕಿಕೊಂಡು ಮಣೆಯ ಮೇಲೆ ಕೂತ. ರಾಮದಾಸ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಗಂಜಿ ತರಲಾ ಎಂದು ಅನಸೂಯ ಕೇಳಿದರೆ, ಆಮೇಲೆ ಎಂದ. ಹೊತ್ತು ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಬೇಕೆಂದು ಡಾಕ್ಟರು ನೂರು ಸಲ ಹೇಳಿ ಕಳಿಸಿದ್ದರು. ಈ ಮನುಷ್ಯ ಉಂಡೇಳುವವರೆಗೆ ಆ ಮನುಷ್ಯ ಉಣ್ಣುವುದಿಲ್ಲ, ಹೊಲಿಗೆ ಬಿಚ್ಚಿದ ಹೊಟ್ಟೆ ಹೀಗೇ ಎಷ್ಟು ದಿನ ತಡೆದೀತು ಎಂದು ಅನಸೂಯಳಿಗೆ ಹೆದರಿಕೆಯಾಯಿತು.

ವಾಸಂತಿ ಸಿಹಿಪೊಂಗಲನ್ನು ಬಾಯಿಗಿಟ್ಟು ಮುಖ ಸಿಂಡರಿಸಿದಳು.

"ಅಜ್ಜಿ, ಪೊಂಗಲ್ ಮೋಸ. ಅಡಿ ಹಿಡಿದಿದೆ."

ಅಪ್ಪ ಈಗ ತಿದ್ದುತ್ತಾನೆಂದು ಎಲ್ಲರೂ ಕಾದರು. ತಿರುಮಲೇಶನ ಕೈ ಎಲೆಯ ಮೇಲೆ ನಿಂತಿತು. ಮಗಳನ್ನು ನೋಡಿದ.

"ಅವತ್ತು ಫೋನಲ್ಲಿ ಏನಂದೆ ನೀನು?"

"ಚಿಕ್ಕಪ್ಪಂಗೆ ತುಂಬಾ ಮೋಸ ಆಗಿದೆ ಅಂದೆ. ಡಾಕ್ಟ್ರೇ ಕೈ ಬಿಟ್ಟಿದ್ರಲ್ಲ ಅಪ್ಪ."

ಅನಸೂಯಳಿಗೆ ಒಂದೊಂದಾಗಿ ಎಲ್ಲ ತಿಳಿಯಿತು. ಫೋನು ಇಟ್ಟದ್ದು, ನಿಮ್ಮಮ್ಮ ಹೇಳಿಕೊಟ್ಟಳಾ ಎಂದದ್ದು, ಬೈಸ್ತೀಯಾ ಎಂದದ್ದು. ಸಾರಿನ ಪಾತ್ರೆಯನ್ನು ಕೆಳಗಿಟ್ಟಳು.

"ಅವಳು ಮೈ ಕೆಟ್ಟಿದೆ ಅಂದಳು. ನೀವೇನು ಅಂದ್ಕೊಂಡ್ರಿ?"

ಉತ್ತರ ಮಂಚದ ಕಡೆಯಿಂದ ಬಂತು. ರಾಮದಾಸ ಕಷ್ಟಪಟ್ಟು ಈ ಕಡೆ ಹೊರಳಿದ್ದ.

"ಬಸ್ಸು ಮೋಸ ಅಂದ್ರೆ ತಿದ್ದಿದೆ. ಹಾಲು ಮೋಸ ಅಂದ್ರೆ ತಿದ್ದಿದೆ. ಆ ಮಗೂನ ದಿನಾ ತಿದ್ತಿದ್ದೋನು ಅವತ್ತೊಂದಿನ ಯಾಕಣ್ಣ ತಿದ್ದಲಿಲ್ಲ?"

ಅಣ್ಣ ಎಂದು ಅವನು ಕರೆದು ಮೂರು ವರ್ಷಕ್ಕೆ ಮೇಲಾಗಿತ್ತು. ಶಾರದಮ್ಮ ಎಳ್ಳಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಿರುಮಲೇಶ ಎಲೆಯನ್ನು ನೋಡುತ್ತ ಕೂತ. ಎದ್ದು ಕೈತೊಳೆದುಕೊಂಡು ಪೇಪರು ಹಿಡಿದುಬಿಡುತ್ತಾನೆ ಎಂದೇ ಅನಸೂಯ ಅಂದುಕೊಂಡಳು. ಹಾಗೆ ಎದ್ದರೆ ತಾನು ಆಫ್ರಿಕದ ಹೆಸರನ್ನು ಇನ್ನು ಎತ್ತುವುದಿಲ್ಲವೆಂದೂ ಅಲ್ಲೇ ನಿಶ್ಚಯಿಸಿದಳು. ಅವನು ಏಳಲಿಲ್ಲ.

"ಅದರಲ್ಲಿ ತಿದ್ದೋ ತಪ್ಪೇನೂ ಕಾಣಲಿಲ್ಲ ಕಣೋ," ಎಂದ. ದನಿ ಅವನದಲ್ಲವೆನ್ನುವ ಹಾಗಿತ್ತು. "ಸಹಿ ಹಾಕಿ ಬಂದೆ. ನಿನ್ನ ಪಕ್ಕ ಕೂತೆ. ನಾಳೆ ಏನಾಗತ್ತೆ ಅಂತ ಗೊತ್ತಿದ್ದೂ ನಿಂಗೆ ಹುಳಿ ಬಡಿಸ್ದೆ. ಬಾಯಿ ಬಿಡಲಿಲ್ಲ. ಮೋಸ ಮಾಡ್ದೆ ರಾಮು. ನಾನೇ ಮಾಡಿದ್ದು."

ಬೀದಿಯಲ್ಲಿ ಯಾರೋ ಪಂಪು ಒತ್ತುತ್ತಿದ್ದರು. ರಾಮದಾಸ ಅಣ್ಣನನ್ನು ನೋಡಿದ, ಆಮೇಲೆ ಅಣ್ಣನ ಮಗಳನ್ನು.

"ಕೇಳಿಸ್ಕೊಂಡ್ಯಾ ವಾಸಂತಿ? ಅದು ಸರಿಯಾದ ಕನ್ನಡ," ಎಂದ. ಹೊಟ್ಟೆಯ ಮೇಲೆ ಕೈಯೂರಿಕೊಂಡು ನಿಧಾನವಾಗಿ ದಿಂಬಿಗೆ ಒರಗಿ ಕೂತ.

"ಅತ್ತಿಗೆ, ನನ್ನ ಗಂಜಿ ಇಲ್ಲಿಗೇ ತನ್ನಿ. ಅಣ್ಣಂದು ಊಟ ಆಗೋವರೆಗೂ ಕಾಯಕ್ಕೆ ಇನ್ನು ನನ್ನ ಕೈಲಾಗಲ್ಲ."